ಹೆಸರಿಲ್ಲದ ದೂರು

ಕತ್ತರಿ ಮಾಡಿದ ತಪ್ಪು ಒಂದೇ. ಅತ್ತೆ ಆಗಬೇಕಾದವರ ಮೇಲೆ ದೂರು ಬರೆದ.

ವೆಬ್‌ಸೈಟ್ ಮಾಡೋ ಹುಡುಗ ಅವನು. ಉದ್ದುದ್ದ ಸಾಲುಗಳಿಂದ ಬೇಕಾದ ತುಂಡು ಕತ್ತರಿಸಿ ತೆಗೆಯೋದೇ ದಿನವಿಡೀ ಕೆಲಸ, ಅದಕ್ಕೇ ಆ ಹೆಸರು. ಮನೆ ಹತ್ತನೇ ಮಹಡಿಯಲ್ಲಿ, ನಂಬರ್ 1002. ನೇರ ಕೆಳಗೆ ಅವನ ಹುಡುಗಿ, ಜೊತೆಗೆ ಹುಡುಗಿಯ ಅಮ್ಮ. ಆಂಟಿ ಬೆಳಗ್ಗೆ ಐದಕ್ಕೆ ಹಾಡೋಕೆ ಕೂತರೆ ಲಿಫ್ಟೇ ಹೆದರಿ ಅರ್ಧದಲ್ಲಿ ನಿಲ್ಲುತ್ತೆ. ನಿದ್ದೆಗೆಟ್ಟ ಒಂದು ದಿನ ಕತ್ತರಿ, ತಾನೇ ಮಾಡಿಕೊಟ್ಟಿದ್ದ ಅಪಾರ್ಟ್‌ಮೆಂಟ್ ಸೈಟಲ್ಲಿ ಬರೆದುಬಿಟ್ಟ: ‘ಐದಕ್ಕೆ ಹಾಡೋ ಆಂಟಿಗೆ ದನಿ ಇದೆ, ಶ್ರುತಿ ಇಲ್ಲ. ಯಾರಾದರೂ ಹೇಳಿಬಿಡಿ.’

ಆಮೇಲೆ ತಾನೆ ಲವ್ ಆಗಿದ್ದು. ಆಂಟಿ ಒಪ್ತಾರೋ ಇಲ್ವೋ, ಇವತ್ತು ಸಂಜೆ ಅಪಾರ್ಟ್‌ಮೆಂಟ್ ಮೀಟಿಂಗ್ ಮುಗಿದ ಮೇಲೆ ಹೇಳ್ತಾರಂತೆ.

ಬೆಳಗ್ಗೆಯೇ ಸೆಕ್ರೆಟರಿ ಮೇಷ್ಟ್ರು ಬಾಗಿಲು ತಟ್ಟಿದರು.

"ಮೀಟಿಂಗಲ್ಲಿ ವರ್ಷದ ದೂರೆಲ್ಲ ದೊಡ್ಡ ಸ್ಕ್ರೀನಲ್ಲಿ ತೋರಿಸ್ಬೇಕು. ಯಾರು ಬರೆದಿದ್ದು ಅಂತ ಗೊತ್ತಾಗಬಾರದು, ಮನೆ ನಂಬರ್ ತೆಗೆದುಬಿಡಪ್ಪ. ನೂರಾ ಹನ್ನೆರಡು ದೂರಿದೆ, ಎಣಿಸಿದ್ದೀನಿ. ಒಂದೂ ಕಮ್ಮಿ ಆಗಕೂಡದು."

ಕತ್ತರಿ ಎದೆಯಲ್ಲಿ ವಿಲನ್ ಎಂಟ್ರಿ ಮ್ಯೂಸಿಕ್ಕು ಶುರುವಾಯ್ತು.

ಪ್ರತಿ ದೂರೂ ಒಂದೇ ಸಾಲು: ಮನೆ ನಂಬರ್, ಒಂದು ಗೆರೆ, ಆಮೇಲೆ ವಿಷಯ. ಮೊದಲ ಮೂರು ಅಕ್ಷರ ಕತ್ತರಿಸಿದ. ತೆರೆ ಮೇಲೆ ಬರೀ ನಂಬರ್‌ಗಳು ಬಂದವು, ದೂರು ಒಂದೂ ಇಲ್ಲ. ಬಿಸಾಕಬೇಕಾದ್ದನ್ನ ಇಟ್ಕೊಂಡು, ಇಟ್ಕೋಬೇಕಾದ್ದನ್ನ ಬಿಸಾಕಿದ್ದ.

"ಅಪರಾಧಿಗಳೆಲ್ಲ ಇದ್ದಾರೆ, ಅಪರಾಧ ಎಲ್ಲಪ್ಪಾ?" ಅಂತ ಕೇಳಿ, ಮೇಷ್ಟ್ರು ಕುರ್ಚಿ ಹಾಕಿಸೋಕೆ ಹೋದರು.

ಅವರು ಬಿಟ್ಟ ಜಾಗಕ್ಕೆ ಪಕ್ಕದ ಮನೆ ಹಲ್ಲಿನ ಡಾಕ್ಟರ್ ಬಂದು ನಿಂತ. ಆಂಟಿಯ ಅಳಿಯಂದಿರ ಲಿಸ್ಟಲ್ಲಿ ಅವನೂ ಇದ್ದ.

ಕತ್ತರಿ ಈ ಸಲ ಮೊದಲ ನಾಲ್ಕು ಅಕ್ಷರ, ಅಂದ್ರೆ ಮೂರಂಕಿ ಮತ್ತೆ ಗೆರೆ, ಹಾರಿಸಿ ಉಳಿದಿದ್ದು ತೋರಿಸಿದ. ಎಲ್ಲ ಸಾಫ್. ಹತ್ತನೇ ಮಹಡಿಯ ನಂಬರಿಗೆ ಒಂದಂಕಿ ಜಾಸ್ತಿ ಅನ್ನೋದು ಮರೆತಿದ್ದ. ಅವನ ದೂರಿನ ಮುಂದೆ ಮಾತ್ರ ಗೆರೆ ಉಳಿದಿತ್ತು, ಖಳನಾಯಕನ ಕೆನ್ನೆ ಮೇಲಿನ ಮಚ್ಚೆ ಥರ.

ಡಾಕ್ಟರ್ ಓದಿ, ಮೂವತ್ತೆರಡೂ ಹಲ್ಲು ತೋರಿಸಿದ. "ನಾಲ್ಕಂಕಿ ನಂಬರ್ ಈ ಮಹಡೀಲಿ ಮಾತ್ರ, ಇರೋದು ನಾವಿಬ್ರೇ ಗುರೂ. ನಾನಂತೂ ಬರೆದಿಲ್ಲ."

"ದಮ್ಮಯ್ಯ, ಯಾರಿಗೂ ಹೇಳ್ಬೇಡ."

"ಛೆ, ನಾನ್ಯಾಕೆ ಹೇಳ್ಲಿ?"

ಮೂರನೇ ಸಲ ಕತ್ತರಿ ಅಕ್ಷರ ಎಣಿಸೋದೇ ಬಿಟ್ಟ. ಗೆರೆ ಎಲ್ಲಿದೆ ಅಂತ ಮೊದಲು ಹುಡುಕು, ಅದರಾಚೆಯದ್ದು ಮಾತ್ರ ಎತ್ತು ಅಂತ ಬರೆದ. ಅಚ್ಚುಕಟ್ಟಾಗಿ ಬಂತು. ಯಾವ ಪತ್ತೇದಾರನಿಗೂ ಸಿಗಬಾರದು ಅಂತ ನಂಬರ್ ಇದ್ದ ಹಳೇ ಪಟ್ಟಿಯನ್ನ ಬೇರು ಸಮೇತ ಅಳಿಸಿಹಾಕಿದ.

ಸಂಜೆ ಆ ದೂರು ತೆರೆ ಮೇಲೆ ಬಂತು. ಆಂಟಿ ಎದ್ದರು.

"ಯಾರು ಬರೆದಿದ್ದು?"

ಕತ್ತರಿ ಫ್ಯಾನ್ ನೋಡಿದ.

"ಹೆದರ್ಬೇಡಿ, ಹೇಳಿ. ಹನ್ನೆರಡು ವರ್ಷದಿಂದ ಎಲ್ರೂ ಚೆನ್ನಾಗಿದೆ ಅಂತ ಸುಳ್ಳು ಹೇಳಿದ್ರಿ. ಈ ಕತ್ತರಿ ನೆನ್ನೆ ಕೋಗಿಲೆ ಅಂದ. ಇದನ್ನ ಬರೆದವನು ಒಬ್ಬನೇ ಸತ್ಯವಂತ. ಅಂಥವನಿಗೇ ನನ್ನ ಮಗಳನ್ನ ಕೊಡೋದು."

ಕತ್ತರಿ ಎದ್ದ. ಅಷ್ಟರಲ್ಲಿ ಡಾಕ್ಟರ್ ಆಗಲೇ ತಲೆ ಬಗ್ಗಿಸಿ ನಿಂತಿದ್ದ.

"ಕ್ಷಮಿಸಿ ಆಂಟಿ. ನಾನೇ."

"ಸುಳ್ಳು. ಅದು ನಾನು ಬರೆದಿದ್ದು," ಅಂದ ಕತ್ತರಿ.

"ಜಗಳ ಯಾಕೆ?" ಅಂದರು ಮೇಷ್ಟ್ರು. "ಹಳೇ ಪಟ್ಟೀಲಿ ಮನೆ ನಂಬರ್ ಇದೆಯಲ್ಲ. ತೋರಿಸಪ್ಪ."

ಕತ್ತರಿ ಲ್ಯಾಪ್‌ಟಾಪ್ ತೆರೆದ. ಬೇರು ಸಮೇತ ಅಳಿಸಿದ್ದು ನೆನಪಾಗಿ, ಮೆತ್ತಗೆ ಮುಚ್ಚಿದ.

ಆಂಟಿ ಹತ್ತಿರ ಬಂದು ಅವನ ತಲೆ ಸವರಿದರು.

"ನೆನ್ನೆ ಕೋಗಿಲೆ ಅಂದೆ. ಇವತ್ತು ಬರೆದಿದ್ದು ನಾನೇ ಅಂತೀಯ. ಎರಡರಲ್ಲಿ ಯಾವುದು ಸುಳ್ಳು ಅಂತ ನೀನೇ ಹೇಳ್ಬಿಡು ಮಗಾ."