ರಾಶಿ ಪಾಳಿಯ ಆ್ಯಪ್

ಬ್ರೌಸರ್‌ನ್ಯಾಗ ಓಡೂ ಆ್ಯಪ್ ಮಾಡೂದು ಕಷ್ಟ ಅಲ್ರಿ. ಅದು ಖರೇನೇ ಆ್ಯಪ್ ಅಂತ ಮಂದಿಗೆ ನಂಬಸೂದರಾಗ ಹೆಣಾ ಬೀಳ್ತದ. ಆಳಂದದಾಗ ಕಂಪ್ಯೂಟರ್ ಅಂಗಡಿ ಇಟ್ಟಾಗಿಂದ ಇಂಥಾ ಫಜೀತಿ ವಾರಕ್ಕೊಂದು ಇದ್ದದ್ದೇ. ಈ ಸಲ ಗಿರಾಕಿ ಅಂದ್ರ ತೊಗರಿ ಒಕ್ಕಿ ರಾಶಿ ಮಾಡೂ ಮಷೀನ್ ಬಾಡಿಗಿ ಕೊಡೂ ಚಾಚಾ. ಯಾರ ಹೊಲಕ್ಕ ಮಷೀನ್ ಯಾವಾಗ, ಆ ಪಾಳಿ ಹಚ್ಚೂ ಆ್ಯಪ್ ಬೇಕಿತ್ತು. ಸರಿ ಆಗ್ಲಿಲ್ಲಂದ್ರ ಸಿಟಿ ಕಂಪನಿಗೆ ಕೊಡ್ತೇನಿ ಅಂದಿದ್ರು. ನನಗ ಅದು ಮೊದಲನೇ ದೊಡ್ಡ ಕೆಲಸ. ಬಿಡೂ ಹೆಣ್ಣಲ್ಲ ನಾ.

೧. ಆಳಂದ: ಎರಡು ಚಾ

ಲಿಂಕ್ ಕಳಿಸಿ, ಹೋಮ್ ಸ್ಕ್ರೀನಿಗೆ ಹಾಕ್ಕೋರಿ ಅಂದೆ. ಒತ್ತಿದ್ರು, ಐಕಾನ್ ಬಂದೇ ಬಿಡ್ತು. ಚಾಚಾರ ಮಾರಿ ಸಣ್ಣಾತು. ಡೌನ್‌ಲೋಡ್ ಆಗೂತನ ಕುಡಿಯೂಣಂತ ಎರಡು ಚಾ ಹೇಳಿದ್ರು, ಅವು ಇನ್ನೂ ಬಂದೇ ಇಲ್ಲ.

"ಇಷ್ಟು ಲಗೂನ ಬಂದದ್ದು ಆ್ಯಪ್ ಹೆಂಗಾಗ್ತದ ಬೇಟಿ? ಫೋನ್ ಸೈತ ಬಿಸಿ ಆಗಿಲ್ಲ."

ನಾ ಆ ಐಕಾನ್ ತಗದೆ. ಚಾ ಬಂದು ಮುಗಿಯೂತನ ಸುಮ್ನ ಕುಂತು ಮತ್ತ ಹಾಕಿದೆ. ಈಗ ಸರಿ ಬಂತು ನೋಡು ಅಂದ್ರು.

೨. ಅಫಜಲಪುರ: ಗಂಟಿ

'ನಾಳಿಗೆ ನಿಮ್ಮ ಪಾಳಿ' ಅಂತ ರೈತರ ಫೋನಿನ್ಯಾಗ ಗಂಟಿ ಬಾರಸ್ತದ ಅಂದೆ. ಬ್ರೌಸರಿಂದು ಹೆಂಗ ಬಾರಿಸೀತು ಅಂತ ಚಾಚಾ ನಕ್ಕೋತ, ಹವಳಗಾ ಕಡಿ ನಾಕು ರೈತರಿಗೆ ಒಮ್ಮೆಲೇ ಗಂಟಿ ಒತ್ತಿಬಿಟ್ರು. ಮರುದಿನ ನಾಕೂ ಮನ್ಯಾಗ ಮಷೀನಿನವರಿಗಂತ ರೊಟ್ಟಿ, ಪುಂಡಿಪಲ್ಯ ತಯಾರು. ಮಷೀನ್ ಒಂದೇ. ಸಿಟ್ಟಿಗೆದ್ದವರನ್ನ ಸಮಾಧಾನ ಮಾಡ್ಲಿಕ್ಕೆ ಚಾಚಾ ನಾಕೂ ಮನ್ಯಾಗ ಕುಂತು ಉಂಡ್ರು. ಗಂಟಿ ಭೇಷ್ ಬಾರಸ್ತದ, ಇನ್ನ ಎರಡು ದಿನ ನಾ ಅದನ್ನ ಮುಟ್ಟೂದಿಲ್ಲ ಅಂತ ಸಂಜಿಗೆ ಫೋನ್ ಮಾಡಿದ್ರು.

೩. ಜೇವರ್ಗಿ: ಮಾಳಗಿ

ಕೊಳಕೂರಿನ್ಯಾಗ ಕಡೀ ಪರೀಕ್ಷಾ. ಸಿಟಿ ಕಂಪನಿ ಸಾಹೇಬ್ರೂ ತಮ್ಮ ಆ್ಯಪ್ ತಂದಿದ್ರು. ಅಲ್ಲಿ ಕೆಳಗ ನೆಟ್‌ವರ್ಕ್ ಇಲ್ಲ, ಮಾಳಗಿ ಏರಿದ್ರ ಸಿಗ್ತದ. ಅವರದು ಗಿರಗಿರ ತಿರಗೋತ ಕುಂತಿತು. ನಂದು ನೆಟ್ ಇಲ್ಲದೇ ತೆರೀತು, ಮೂರು ಪಾಳಿ ಬರಕೊಂಡು, ನೆಟ್ ಬಂದಾಗ ಕಳಸ್ತೇನಿ ಅಂತು. ಇದರ ಸುಳ್ಳು ಹಿಡೀತೇನಿ ಅಂತ ಚಾಚಾನೇ ಫೋನ್ ತಗೊಂಡು, ನಿಚ್ಚಣಿಕಿ ಹಚ್ಚಿ ಮಾಳಗಿ ಏರಿದ್ರು. ಟಿಂಗ್, ಟಿಂಗ್, ಟಿಂಗ್. ಮೂರೂ ಹೋದ್ವು. ನನಗ ಅಲ್ಲೇ ಕುಣೀಬೇಕನಿಸ್ತು.

ಚಾಚಾ ಇಳಿದ್ರು, ಸಾಹೇಬ್ರು ಏರಿದ್ರು. ಅವರ ಆ್ಯಪ್ ಮತ್ತ ಲಾಗಿನ್ ಆಗ್ರಿ, ಒಟಿಪಿ ಹಾಕ್ರಿ ಅಂತು. ಒಟಿಪಿ ಬರೂ ಇನ್ನೊಂದು ಫೋನು ಕೆಳಗ ಕಾರಿನ್ಯಾಗ. ಇಳೀಬೇಕಂತ ನೋಡಿದ್ರ ನಿಚ್ಚಣಿಕಿ ಚಾಚಾರ ಹೆಗಲ ಮ್ಯಾಲ.

"ಚಾಚಾ, ನಿಚ್ಚಣಿಕಿ ಕೊಡ್ರಿ."

"ಕೊಡ್ತೇನ್ರಿ ಸಾಹೇಬ್ರ. ಆದ್ರ ಇನ್ನ ಮುಂದ ಮಷೀನಾಗ್ಲಿ, ನಿಚ್ಚಣಿಕಿ ಆಗ್ಲಿ, ನಮ್ಮ ಬೇಟಿ ಆ್ಯಪ್‌ನ್ಯಾಗ ಪಾಳಿ ಹಚ್ಚಿದವರಿಗೇ."