ಕೊಕ್ಕರೆಯ ಕಾಲಿಗೆ ಗೌರಿಯ ಕಾಲುಂಗುರ

ಗೋಡೆಗೆ ಮೊಳೆ ಹೊಡೆಯಬಲ್ಲವನು ಹಕ್ಕಿಯ ಕಾಲಿಗೆ ಉಂಗುರ ತೊಡಿಸಲಾರನೆ? ಇದು ಆ ವಸಂತದಲ್ಲಿ ನನ್ನ ದೃಢವಾದ ಅಭಿಪ್ರಾಯವಾಗಿತ್ತು. ಮೊಳೆಯನ್ನಾದರೂ ನೆಟ್ಟಗೆ ಹೊಡೆದಿದ್ದೆನೇ ಎಂದು ಯಾರೂ ಕೇಳಲಿಲ್ಲ!

ಊರಾಚೆಯ ಕೆರೆಯ ನಡುಗಡ್ಡೆಯಲ್ಲಿ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಒಂದು ಗುಡಿಸಲು ಕಟ್ಟಿಸಿದ್ದರು. ಯಾವ ಹಕ್ಕಿ ಎಂದು ಬಂತು, ಎಷ್ಟು ಮೊಟ್ಟೆಯಿಟ್ಟಿತು, ಮರಿಗೆ ಎಷ್ಟು ಸಲ ಮೀನು ತಂದಿತು, ಎಲ್ಲವನ್ನೂ ಅಲ್ಲಿ ಕೂತು ಬರೆಯುವುದು. ಬರೆಯುವ ಗುಮಾಸ್ತ ನಾನು. ಬೆಳಗಾದರೆ ಕೃಷ್ಣಮೂರ್ತಿಪುರಂನಿಂದ ಜಟಕಾದಲ್ಲಿ ಕೆರೆಯ ದಡಕ್ಕೆ, ಅಲ್ಲಿಂದ ಚೌರಪ್ಪನ ಹರಿಗೋಲಿನಲ್ಲಿ ನಡುಗಡ್ಡೆಗೆ. ಬೆಳ್ಳಕ್ಕಿಗಳ ಜಗಳ, ನೀರುಕಾಗೆಗಳು ರೆಕ್ಕೆ ಒಣಹಾಕುವ ಕಾರ್ಯಕ್ರಮ, ಕೊಕ್ಕರೆಗಳು ಕೊಕ್ಕು ಬಡಿಯುವ ಟಕಟಕ. ಬಿಸಿಲಿರಲಿ ಇಲ್ಲದಿರಲಿ, ಕೊಡೆ ಬಿಚ್ಚಿಯೇ ಇರಬೇಕು. ಕಾರಣ ನನ್ನ ಪೇಟವನ್ನು ನೋಡಿದರೆ ತಿಳಿಯುತ್ತಿತ್ತು.

ಹಕ್ಕಿ ಎಲ್ಲಿ ಹೋದರೂ ನಮ್ಮದೆಂದು ಗೊತ್ತಾಗಲಿ ಎಂದು ಮೇಷ್ಟ್ರು ನಂಬರು ಕೊರೆದ ಅಲ್ಯೂಮಿನಿಯಂ ಉಂಗುರಗಳನ್ನು ತರಿಸಿದರು. ಬಾಯಿ ಬಿಟ್ಟ ಉಂಗುರ. ಮರಿಯ ಕಾಲಿಗೆ ಸಿಕ್ಕಿಸಿ ಇಕ್ಕಳದಿಂದ ಒತ್ತಿದರೆ ಮುಗಿಯಿತು. ನಾನು ಮರ ಹತ್ತಿದೆ. ಮರ ಮೂರಾಳೆತ್ತರ. ಈ ವಾಕ್ಯವನ್ನು ಮೂರು ಸಲ ತಿದ್ದಿದ್ದೇನೆ. ತಿದ್ದಿದಂತೆಲ್ಲ ಮರ ಬೆಳೆಯುತ್ತಿದೆ. ಚೌರಪ್ಪನನ್ನು ಕೇಳಿದರೆ, "ಅದು ಗಿಡ ಕಣ್ ಬುದ್ದಿ" ಅನ್ನುತ್ತಾನೆ.

ಕೊನೆಯ ಗೂಡಿನಲ್ಲಿ ರೆಕ್ಕೆ ಬಲಿತ ಎರಡು ಮರಿಗಳಿದ್ದವು. ಕೈಯಲ್ಲಿ ಉಳಿದಿದ್ದ ಎರಡು ಉಂಗುರಗಳೂ ಜಾರಿ ನೀರಿಗೆ ಬಿದ್ದವು.

"ಆಯ್ತೇನ್ರೀ ಮಲ್ಲಪ್ಪನವರೇ?" ಎಂದರು ಮೇಷ್ಟ್ರು, ಕೆಳಗಿನಿಂದ.

"ಆಯ್ತು ಸಾರ್!"

ಬಾಯಿ ಹೇಳಿಬಿಟ್ಟಿತ್ತು. ಕೈ ಅದನ್ನು ನಿಜಮಾಡಬೇಕಾಗಿತ್ತು. ಜೇಬಿನಲ್ಲಿ ನನ್ನ ಹೆಂಡತಿ ಗೌರಿಯ ಬೆಳ್ಳಿಯ ಕಾಲುಂಗುರಗಳಿದ್ದವು. ಅಂಚು ಚುಚ್ಚುತ್ತಿದೆ, ಆಚಾರಿಯಿಂದ ಸರಿಮಾಡಿಸಿ ಎಂದು ಕೊಟ್ಟಿದ್ದಳು. ಅವೂ ಬಾಯಿ ಬಿಟ್ಟ ಉಂಗುರಗಳೇ. ಮರಿಗೊಂದರಂತೆ ತೊಡಿಸಿದೆ. ಅಳತೆ ತೆಗೆದು ಮಾಡಿಸಿದಂತೆ ಕೂತವು! ನಾಳೆ ಬದಲಾಯಿಸಿದರಾಯಿತು ಎಂದುಕೊಂಡೆ.

ಮರುದಿನ ಬರಬೇಕಿದ್ದ ಹೊಸ ಉಂಗುರದ ಪಾರ್ಸೆಲು ಬರಲಿಲ್ಲ. ಮನೆಯಲ್ಲಿ ಪ್ರಶ್ನೆ ಬಂತು. ಮೊದಲ ದಿನ ಆಚಾರಿಗೆ ಜ್ವರ ಬರಿಸಿದೆ. ಎರಡನೆಯ ದಿನ ಮದುವೆಗೆ ಕಳಿಸಿದೆ. ಮೂರನೆಯ ದಿನ ಬೇರೇನೂ ತೋಚದೆ ಅವನ ಅತ್ತೆಯನ್ನು ಸಾಯಿಸಿದೆ!

ಗೌರಿಯದು ಕರುಣೆಯ ಸ್ವಭಾವ. ಆಚಾರಿಗೆ ಸಮಾಧಾನ ಹೇಳಲು ಹೋದಳು.

"ಏನೂಂದ್ರೆ, ಸತ್ತ ಯಮ್ಮ ನಂಗೆ ಮಜ್ಜಿಗೆ ಕೊಟ್ರು!" ಎಂದಳು ಬಂದವಳೇ.

"ಆಚಾರಿ ಏನಂದ?"

"'ನಿಮ್ಮ ಯಜಮಾನ್ರು ಸೂತಕ ಅಂದ್ಮೇಲೆ ಸೂತಕಾನೇ ಕಣಮ್ಮ, ಹಬ್ಬ ಮುಗಿಯೋಗಂಟ ಬೆಳ್ಳಿ ಮುಟ್ಟಲ್ಲ' ಅಂದ. ಬೇರೆ ಅಂಗಡಿಯೋರಿಗೆ ಯುಗಾದಿ ಕೆಲಸಾನೇ ತಲೆಮಟ್ಟ. ನಾಳೆ ಸಂಜೆ ನಮ್ಮವ್ವ ಬರ್ತಾಳೆ. ಅವಳು ಮೊದ್ಲು ನೋಡೋದು ಮುಖ ಅಲ್ಲ ಕಣ್ರೀ, ಕಾಲು! ಎಲ್ಲಿ ನನ್ನ ಉಂಗುರ?"

ಹೇಳಿದೆ.

"ಕೊಕ್ಕರೆಗಾ?" ಎಂದಳು.

ಗಂಡನಿರುವವಳ ಬೆರಳು ಬರಿದಾಗಿರುವುದೆಂದರೇನು! ನಾನು ಎದುರಿಗೇ ಕೂತು ಹೋಳಿಗೆ ತಿನ್ನುತ್ತಿದ್ದರೂ ಅತ್ತೆಯವರು ನನ್ನನ್ನು ಸತ್ತವರ ಪಟ್ಟಿಗೆ ಸೇರಿಸಿಬಿಡುತ್ತಿದ್ದರು.

ಬೆಳಿಗ್ಗೆ ಗೌರಿಯೂ ಹರಿಗೋಲು ಹತ್ತಿದಳು.

"ಅಕ್ಕಿ ನೋಡಕ್ಕಾ ಅವ್ವಾ?" ಎಂದ ಚೌರಪ್ಪ.

"ಇಲ್ಲಪ್ಪ, ಒಡವೆ ನೋಡಕ್ಕೆ."

ಇಲ್ಲಿಂದ ಮುಂದೆ ನನ್ನ ನೆನಪನ್ನು ನಂಬಬೇಡಿ. ಅದು ನನ್ನ ಪರ. ಧೈರ್ಯವಾಗಿ ಮರ ಹತ್ತಿ ಒಂದು ಮರಿಯನ್ನು ಹಿಡಿದೆ. (ಗೌರಿ: "ಅದೇ ನಿಮ್ಮನ್ನ ಹಿಡ್ಕೊಂಡಿದ್ದು.") ಅದು ಬೆಳಗಿನ ಮೀನನ್ನೆಲ್ಲ ನನ್ನ ಕೋಟಿನ ಕತ್ತಿನೊಳಗೆ ಕಕ್ಕಿತು. ಮೂರು ತಲೆಮಾರಿನಿಂದ ಮೀನು ಮುಟ್ಟದ ಮನೆತನ ನಮ್ಮದು! ಆದರೂ ಉಂಗುರ ಬಿಚ್ಚಿ, ಇಳಿಯಲು ಎರಡೂ ಕೈ ಬೇಕಾದ್ದರಿಂದ ಹಲ್ಲಿನಲ್ಲಿ ಕಚ್ಚಿಕೊಂಡೆ.

"ಮಲ್ಲಪ್ಪನವರೇ!" ಎಂದು ಕೂಗಿದರು ಮೇಷ್ಟ್ರು.

"ಸಾರ್!" ಎಂದೆ.

ಉಂಗುರ ಗೂಡಿಗೆ ಬಿತ್ತು. ಮರಿ ಮೀನೆಂದು ನುಂಗಿತು.

ಇನ್ನೊಂದು ಮರಿ ಗೂಡಿನಲ್ಲೇ ಇರಲಿಲ್ಲ. ಹಾರಿಹೋಗಿ ಕೆರೆಯ ಏರಿಯ ಮೇಲೆ ನಿಂತಿತ್ತು. ಮೇಷ್ಟ್ರು ದುರ್ಬೀನು ಹಿಡಿದು ಕುಣಿಯುತ್ತಿದ್ದರು.

"ಹೂಬಳ್ಳಿ ಕೆತ್ತಿದ ಉಂಗುರ ಕಣ್ರೀ! ನಮ್ಮದಲ್ಲ. ಯಾವುದೋ ದೂರದೇಶದಿಂದ ಬಂದ ಹಕ್ಕಿ! ಇವತ್ತೇ ವಿಲಾಯ್ತಿಗೆ ಕಾಗದ ಹಾಕ್ಬೇಕು!"

ನಾನು ಮರದ ಮೇಲೆ ಎಲೆಗಳ ಹಿಂದಕ್ಕೆ ಸರಿದೆ. ಗೌರಿ ಸೆರಗು ಹೊದ್ದುಕೊಂಡು ಮುಂದೆ ಬಂದಳು.

"ಕಾಗದ ಬ್ಯಾಡಿ ಮೇಷ್ಟ್ರೇ. ಅದು ನನ್ನ ಕಾಲುಂಗುರ. ಇವರು ತೊಡಿಸಿದ್ದು."

ಮೇಷ್ಟ್ರು ಬಹಳ ಹೊತ್ತು ನನ್ನನ್ನೇ ನೋಡಿದರು. ದುರ್ಬೀನಿನಿಂದಲೂ ನೋಡಿದರು. ಆಮೇಲೆ ಅಂದೇ ಬಂದಿದ್ದ ಪಾರ್ಸೆಲು ಒಡೆದು ಎರಡು ಅಲ್ಯೂಮಿನಿಯಂ ಉಂಗುರ ತೆಗೆದು, "ತಗೊಳ್ಳಿ ತಾಯಿ" ಎಂದರು. ಇಕ್ಕಳವನ್ನು ನನ್ನ ಕೈಗೆ ಮಾತ್ರ ಕೊಡಲಿಲ್ಲ. ಗೌರಿ ತಾನೇ ಒತ್ತಿಕೊಂಡಳು.

ಸಂಜೆ ಅತ್ತೆಯವರು ಜಟಕಾದಿಂದ ಇಳಿದು ಮಗಳ ಕಾಲನ್ನೇ ನೋಡಿದರು.

"ಹೊಸ ನಮೂನೆಯಾ? ಏನೋ ಬರ್ದದಲ್ಲೇ!"

"ನಂಬರು ಕಣವ್ವ. ಕಳೆದೋದ್ರೆ ಯಾರಾದ್ರೂ ತಂದ್ಕೊಡ್ಲಿ ಅಂತ."

ಅತ್ತೆಯವರು ನನ್ನ ಕೋಟನ್ನು ಮೂಸಿ, "ಮೊದ್ಲು ಅಳಿಯಂದ್ರಿಗೆ ಹಾಕ್ಸೇ" ಎಂದರು.

ಹಬ್ಬ ಕಳೆದ ಮೇಲೆ ಮೇಷ್ಟ್ರು ರಿಜಿಸ್ಟರು ಮುಂದಿಟ್ಟರು. ಯಾವ ನಂಬರಿನ ಉಂಗುರ ಯಾವ ಹಕ್ಕಿಗೆಂದು ಬರೆಯದೆ ಬಿಡುವಂತಿಲ್ಲವಂತೆ. ಆ ಎರಡು ನಂಬರುಗಳ ಎದುರಿಗೆ ನಾನೇ ಬರೆದೆ: "ಹೆಣ್ಣು. ಪ್ರಾಯದ್ದು. ಗೂಡು, ಕೃಷ್ಣಮೂರ್ತಿಪುರಂ."

ಷರಾ ಕಾಲಂ ಖಾಲಿಯಿತ್ತು. ಅದನ್ನು ಮೇಷ್ಟ್ರು ಕೆಂಪು ಶಾಯಿಯಲ್ಲಿ ತುಂಬಿದರು: "ಜೊತೆಯ ಗಂಡು ಹಕ್ಕಿಗೆ ಹಾರಲು ಬಾರದು. ಮರ ಹತ್ತಲೂ ಬಾರದು. ಕೂಗು ಒಂದೇ: ಸಾರ್."