ಮಾಸ್ತರ ಹಿತ್ತಲದ ಬದನಿಕಾಯಿ

ಬೈಲಹೊಂಗಲದಾಗ ಮನಿ ಮುಂದ ನಾಕ ಗಿಡ ಹಚ್ಚಿ ನೋಡ್ರಿ, ತಮಾಷೆ ಹುಡುಕಿಕೊಂಡು ನೀವು ಎಲ್ಲೂ ಹೋಗೂದು ಬ್ಯಾಡ, ಅದ ಗೇಟ ತಗದು ಒಳಗ ಬರತೈತಿ.

ನಾ ಹೈಸ್ಕೂಲಿನಾಗ ಗಣಿತ ಕಲಿಸಾಂವ. ಹೊಲ ಇಲ್ಲ. ಮನಿ ಮುಂದ ಒಂದೀಟು, ಹಿತ್ತಲದಾಗ ಒಂದೀಟು ಮಣ್ಣ ಐತಿ. ನಮ್ಮ ಮಾವ ರಾಮದುರ್ಗದ ಕಡೆ ಸಾಲಹಳ್ಳಿಯವರು, ದೊಡ್ಡ ಒಕ್ಕಲತನ. ಮಗಳನ್ನ ಕೊಟ್ಟ ದಿನದಿಂದ ಬೀಗರು ಬಿಜ್ಜರು ಕೂಡಿದಲ್ಲೆಲ್ಲಾ ಅವರದು ಒಂದ ಮಾತು: "ಅಳಿಯ ಶಾಣ್ಯಾ ಅದಾನ, ಆದ್ರ ಮಣ್ಣಾಗ ಕೈ ಇಟ್ಟ ಗೊತ್ತಿಲ್ಲ ನೋಡ್ರಿ." ಕೇಳಿ ಕೇಳಿ ನನಗ ಮೈ ಉರೀತೈತಿ. ಒಂದ ಸಲನರ ನಾ ಬೆಳದದ್ದನ್ನ ಉಂಡು ಈ ಮನಷ್ಯಾ "ಛಲೋ ಐತಿ" ಅನಬೇಕು. ಇಷ್ಟ ನನ್ನ ಆಸೆ. ಮುಂದಿನದೆಲ್ಲಾ ಆದದ್ದು ಅದರ ಸಲುವಾಗೇ.

ಲಾನ್

ಕಾಯಿಪಲ್ಯಕ್ಕ ಕೈ ಹಾಕೂ ಮೊದಲು ಹುಲ್ಲಿನ ಮ್ಯಾಲ ಕೈ ಪಳಗಲಿ ಅಂತ ಮನಿ ಮುಂದ ಲಾನ್ ಹಚ್ಚಿದೆ. ನರ್ಸರಿಯಿಂದ ತಂದು, ಮುಂಜಾನೆ ಸಂಜಿ ನೀರ ಹೊಡದು, ಹಸರ ಜಮಖಾನಿ ಹಾಸಿದಂಗ ಮಾಡಿದ್ದೆ. ಚಪ್ಪಲಿ ಹಾಕ್ಕೊಂಡು ಯಾರೂ ತುಳೀಬಾರದಂತ ಮನ್ಯಾಗ ಕಾಯ್ದೆ ಮಾಡಿದ್ದೆ.

ಒಂದಿನ ಸಾಲಿ ಬಿಟ್ಟು ಬರೂದ್ರಾಗ ಅಂಗಳ ಬೋಳಾಗಿತ್ತು. ಬರೇ ಕರಿ ಮಣ್ಣ. ಕಟ್ಟಿ ಮ್ಯಾಲ, ಮುಂಜಾನೆ ಊರಿಂದ ಬಂದಿದ್ದ ಮಾವ ಕೈಯಾಗ ಕುರ್ಪಿ ಹಿಡಕೊಂಡು, ಬೆವರ ಒರಸಿಗೋತ ಚಾ ಕುಡ್ಯಾಕತ್ತಿದ್ರು. ಹಣಿ ಮ್ಯಾಲ ಮಣ್ಣ, ಮಾರಿ ಮ್ಯಾಲ ಭಾಳ ಸಮಾಧಾನ.

"ಏನ್ರೀ ಮಾಸ್ತರ, ಅಂಗಳ ತುಂಬ ಈ ಪರಿ ಕರಕಿ ಬೆಳಿಯಾಕ ಬಿಟ್ಟಿದ್ರಿ? ಇನ್ನೊಂದೀಟ ತಡ ಆಗಿದ್ರ ಅಡಿಗಿ ಮನಿಗೆ ಬರತಿತ್ತು. ಮುಂಜಾನಿಯಿಂದ ಕುಂತು ಬೇರ ಸಮೇತ ಕಿತ್ತೇನಿ. ಇನ್ನ ನಿಮ್ಮ ಜನ್ಮದಾಗ ಹುಟ್ಟಂಗಿಲ್ಲ, ಚಿಂತಿ ಮಾಡಬ್ಯಾಡ್ರಿ."

ಹೊಲದಾಗ ಕರಕಿ ತಗ್ಯಾಕ ಅರ್ಧ ಆಯುಷ್ಯ ಕಳದ ಮನಷ್ಯಾ. ನಾ ಬಾಯಿ ತಗ್ಯೂದ್ರಾಗ ಹೆಂಡತಿ ಒಳಗ ಎಳಕೊಂಡು ಹೋಗಿ, "ಸುಮ್ಮಕಿರ್ರಿ. ರೊಕ್ಕಾ ಕೊಟ್ಟು ಕರಕಿ ತಂದಾರಂತ ಗೊತ್ತಾದ್ರ ಅಪ್ಪ ಇವತ್ತ ನನ್ನ ಊರಿಗೆ ಕರಕೊಂಡು ಹೊಕ್ಕಾನ" ಅಂದ್ಲು.

ನಾ ಹೊರಗ ಬಂದು, "ಭಾಳ ಉಪಕಾರ ಆತ್ರಿ ಮಾವಾರ" ಅಂದೆ.

ಹೀರಿಬಳ್ಳಿ

ಆಮ್ಯಾಲ ಕಂಪೌಂಡ್ ಗ್ವಾಡಿಗೆ ಹೀರಿಬಳ್ಳಿ ಹಬ್ಬಿಸಿದೆ. ಬಳ್ಳಿಗೆ ಬುದ್ಧಿ ಐತಿ. ನಮ್ಮ ಕಡೆ ಬೇರ ಬಿಟ್ಟು, ಗೊಬ್ಬರ ತಿಂದು, ನೀರ ಕುಡದು, ಬಿಸಿಲ ಛಲೋ ಐತಂತ ಬಾಜು ಮನಿ ಕಡೆ ಹೋಗಿ ಕಾಯಿ ಬಿಡ್ತು. ನಮ್ಮ ಕಡೆ ಬರೇ ಎಲಿ.

ಬಾಜು ಮನಿ ಅಕ್ಕಾರು ಭಾಳ ಒಳ್ಳೇವರು. ಹರದ ಹೀರಿಕಾಯಿ ಪಲ್ಯಾ ಮಾಡಿ ನಮಗ ಒಂದ ಬಟ್ಟಲ ಕಳಸೂರು. "ನಿಮ್ಮ ಬಳ್ಳಿದ ಐತ್ರಿ, ನಿಮಗ ಬಿಟ್ಟು ಹೆಂಗ ತಿನ್ನೂದು?" ಖಾಲಿ ಬಟ್ಟಲ ತಿರಗಿ ಕೊಡೂದು ನಮ್ಮಲ್ಲಿ ಪದ್ಧತಿ ಅಲ್ಲ. ಒಮ್ಮೆ ಶೇಂಗಾ ಚಟ್ನಿ ಹಾಕಿ ಕೊಟ್ವಿ, ಒಮ್ಮೆ ಗುರೆಳ್ಳ ಚಟ್ನಿ, ಒಮ್ಮೆ ರವಾ ಉಂಡಿ. ಬಜಾರದಾಗ ಹೀರಿಕಾಯಿ ಕೊಂಡಿದ್ರ ಸಸ್ತಾ ಬೀಳತಿತ್ತು.

ಒಂದ ಸಲ ಮಾವ ಉಣ್ಣಾಕ ಕುಂತಾಗ ಬಟ್ಟಲ ಬಂತು. ಇವತ್ತ ನನ್ನ ದಿನ ಅಂತ ತಿಳದು ನಾನ ಎದ್ದು ಬಡಿಸಿದೆ. ಮಾವ ಎರಡ ರೊಟ್ಟಿ ಹೆಚ್ಚಿಗಿ ಉಂಡು, "ಆಹಾ! ಇದನ್ನ ಯಾರ ಕಳಸಿದ್ರು?" ಅಂತ ಕೇಳಿದ್ರು.

"ಬಾಜು ಮನಿಯವರು," ಅಂದ್ಲು ಹೆಂಡತಿ. ನಾ "ಆದ್ರ ಬಳ್ಳಿ..." ಅನ್ನೂದ್ರಾಗ ಮಾವ ಕಿಡಕ್ಯಾಗ ಹಣಕಿ ನೋಡಿದ್ರು.

"ಅವರನ್ನ ನೋಡಿ ಕಲೀರಿ ಮಾಸ್ತರ. ಒಂದ ಬಳ್ಳಿ, ಆ ಕಡೆ ನೋಡ್ರಿ ಕಾಯಿ ಹೆಂಗ ಜೋತಾಡಾಕತ್ತಾವು. ಈ ಕಡೆ ನಿಮ್ಮ ಮಾರಿ ನೋಡಿ ಅದಕ್ಕೂ ಬ್ಯಾಸರ ಬಂದೈತಿ."

ನಾಕ ಗಿಡದ ಔಷಧ

ಹಟಕ್ಕ ಬಿದ್ದು ಹಿತ್ತಲದಾಗ ಬದನಿ ಹಚ್ಚಿದೆ, ನಾಕ ಗಿಡ. ಮಸಾಲಿ ತುಂಬಿದ ಬದನಿಕಾಯಿ ಎಣಗಾಯಿ ಅಂದ್ರ ಮಾವಗ ಪ್ರಾಣ. ಎಲಿಗೆ ಹುಳ ಬಿತ್ತು. ಬೀಜ ಗೊಬ್ಬರದ ಅಂಗಡಿಗೆ ಓಡಿದೆ.

"ಎಷ್ಟ ಎಕರೆಕ್ಕ ಬೇಕ್ರಿ ಔಷಧ?"

"ನಾಕ ಗಿಡಕ್ಕ."

ಅಂಗಡಿಯಾಂವ ನಗಲಿಲ್ಲ. ಕನ್ನಡಕ ತಗದು, ಒರಸಿ, ತಿರಗಿ ಹಾಕ್ಕೊಂಡ. "ಸರ್, ನೀವು ಸಾಲಿ ಮಾಸ್ತರ ಹೌದಲ್ಲೋ? ಔಷಧ ಯಾಕ್ರಿ? ಮುಂಜಾನೆ ಹೋಗಿ ಹಾಜರಿ ತಗೋರಿ. ಬಂದ ಹುಳಾನೆಲ್ಲಾ ಹೊರಗ ನಿಂದರಸ್ರಿ."

ಸಿಟ್ಟ ಬಂತು, ಆದ್ರ ಬ್ಯಾರೆ ಹಾದಿ ಇರಲಿಲ್ಲ. ದಿನಾ ಮುಂಜಾನೆ ಒಂದೊಂದ ಹುಳ ಹೆಕ್ಕಿ ಹೊರಗ ಒಗದೆ. ಉಳದ್ವು ಗಿಡ.

ಚರಗ

ಬದನಿ ಕಾಯಿ ಬಿಟ್ಟಾವಂತ ಹೆಂಡತಿ ಫೋನಿನಾಗ ಹೇಳಿಬಿಟ್ಲು. ಸೀಗಿ ಹುಣ್ಣಿವಿ ಹತ್ತರ ಬಂದಿತ್ತು. ಅವತ್ತ ಒಕ್ಕಲ ಮಂದಿ ಹೊಲಕ್ಕ ಹೋಗಿ ಪೂಜಾ ಮಾಡಿ, ಎಡಿ ಹಿಡದು, ಆ ಅಡಿಗೀನ ಚರಗ ಅಂತ ಹೊಲದ ಸುತ್ತ ಚೆಲ್ಲತಾರ. "ಬೆಳಿ ಅಂದ ಮ್ಯಾಲ ಬೆಳಿ. ಚರಗ ಚೆಲ್ಲದ ಇದ್ರ ಭೂಮಿತಾಯಿ ಸಿಟ್ಟಾಗತಾಳ," ಅಂತ ಮಾವ ಟಂಟಂ ಗಾಡಿ ತುಂಬ ಮಂದೀನ ಕರಕೊಂಡು ಬಂದ ಬಿಟ್ರು.

ಅತ್ತಿ ನಮ್ಮ ಬದನಿಕಾಯಿ ಹರದು ನೋಡಿದ್ರು. ಇಷ್ಟ ಮಂದಿಗೆ ಅವು ಎಲ್ಲಿ ಸಾಲಬೇಕು? ತಾವು ಸಾಲಹಳ್ಳಿಯಿಂದ ಮಾವಗ ಹೇಳದ ತಂದ ಚೀಲದಾಗಿನ ಬದನಿಕಾಯಿ ದೊಡ್ಡ ಬೋಗಾಣಿಗೆ, ನಮ್ಮವು ಸಣ್ಣ ಬೋಗಾಣಿಗೆ ಹಾಕಿ ಎಣಗಾಯಿ ಮಾಡಿದ್ರು. ಸಣ್ಣ ಬೋಗಾಣಿ ಮಾವನ ಸಲುವಾಗಿ ಅಂತ ನಾ ಅದರ ಮುಂದ ಕಾವಲ ನಿಂತೆ.

ಪೂಜಾ ಆತು. ಮಾವ ಬಂದು ಸೀದಾ ಸಣ್ಣ ಬೋಗಾಣಿಗೆ ಕೈ ಹಾಕಿದ್ರು. "ಇದ ಎಡಿಗೆ ತಗದಿಟ್ಟದ್ದು ಹೌದಲ್ಲೋ? ಮೊದಲ ಭೂಮಿತಾಯಿಗೆ!" ಚರಗದ ಬುಟ್ಟಿಯಾಗಿನ ಕಡಬಿನ ಮ್ಯಾಲ ಬೋಗಾಣಿ ಪೂರ್ತಿ ಬೋರಲ ಹಾಕಿದ್ರು. "ಮಾವಾರ, ಒಂದರ ಇಟಗೋರಿ" ಅಂದದ್ದು ಅವರಿಗೆ ಕೇಳಸಲಿಲ್ಲ.

"ಹುಲ್ಲುಲ್ಲಿಗೋ..." ಅಂತ ಕೂಗಿ ಚೆಲ್ಲಾಕ ಶುರು ಮಾಡಿದ್ರು. ಅಷ್ಟರಾಗ ಹೊಲ ಮುಗೀತು. ಕೂಗಿನ ಉಳದರ್ಧ "ಚಲ್ಲಂಬರಿಗೋ" ಅನ್ನಾಕ ಬಾಜು ಮನಿ ಅಂಗಳಕ್ಕ ಹೋಗಬೇಕಾತು. ಅಲ್ಲಿ ಸ್ಕೂಟರ್ ತೊಳ್ಯಾಕತ್ತಿದ್ದ ಅಕ್ಕಾರ ಯಜಮಾನರ ಬೆನ್ನಿಗೆ ನನ್ನ ಕಡೀ ಬದನಿಕಾಯಿ ಬಡೀತು. ಅವರು ತಿರಗಿ ನೋಡಿ, ಕೈ ಮುಗದ್ರು.

ಎಲ್ಲಾರೂ ಹಿತ್ತಲದಾಗ ಉಣ್ಣಾಕ ಕುಂತ್ರು. ಹೊಲದಾಗ ಕುಂತ ಉಣಬೇಕಂತ ನಾಕ ಗಿಡಾನೂ ಮಂದಿ ಕೆಳಗ ಹೋದ್ವು. ಅತ್ತಿ ದೊಡ್ಡ ಬೋಗಾಣಿ ತಂದು ಬಡಿಸಿದ್ರು. ಮಾವ ಸಜ್ಜಿ ರೊಟ್ಟಿ ಮುರದು, ಎಣಗಾಯಿ ಹಚ್ಚಿ, ಒಂದ ತುತ್ತ ಬಾಯಾಗ ಇಟ್ಟು ಕಣ್ಣ ಮುಚ್ಚಿದ್ರು.

"ಮಾಸ್ತರ, ಇವು ನಿಮ್ಮ ಗಿಡದ್ದ ಏನ್ರಿ?"

ನಾ ಖರೇ ಹೇಳಾಕ ಬಾಯಿ ತಗದೆ. ಅತ್ತಿ ನನ್ನ ಬಾಯಾಗ ಒಂದ ಕಡಬ ತುರಕಿದ್ರು. "ಮತ್ತ ಯಾರದ್ದು? ಅಳಿಯಂದ್ರ ಬೆಳದದ್ದು."

"ಛಲೋ ಅದಾವು!" ಅಂದ್ರು ಮಾವ. ಅಷ್ಟೂ ಬೀಗರ ಮುಂದ ಅಂದ್ರು. ಕಡಬ ಗಂಟಲದಾಗ ಸಿಕ್ಕು ನನ್ನ ಕಣ್ಣಾಗ ನೀರ ಬಂತು. ಮಾವ ಅದನ್ನ ನೋಡಿ ಇನ್ನೂ ಖುಷಿ ಆದ್ರು. "ನಮ್ಮ ಹೊಲದಾಗ ಬೆಳೀತಾವು, ದನಾ ತಿನ್ನಂಥಾವು. ಬದನಿಕಾಯಿ ಅಂದ್ರ ಇವು. ಇದರ ಬೀಜಾ ಕೊಡ್ರಿ ಮಾಸ್ತರ, ಈ ಸಲ ಸಾಲಹಳ್ಳಿಯಾಗ ಇವನ್ನ ಹಚ್ಚತೇನಿ."

ಅತ್ತಿ ಇನ್ನೊಂದ ಬದನಿಕಾಯಿ ಅವರ ತಾಟಿಗೆ ಹಾಕಿ, ಭಾಳ ಶಾಂತಾಗಿ ಅಂದ್ರು:

"ಹಚ್ಚಿ ಏನ ಮಾಡ್ತೀರಿ? ನಮ್ಮ ಹೊಲದಾಗ ಬೆಳದ್ರ ನಿಮಗ ರುಚೀನ ಹತ್ತಂಗಿಲ್ಲ."